ಪೊರಕೆಯ ಮೇಲೊಂದು ಪಿಎಚ್‌ಡಿ

ಹಳೇಕೋಟೆ
೧೨ ಜುಲೈ ೨೦೦೯

ಪ್ರೊಫೆಸರ್ ಯೋಗಾನರಸಿಂಹ ಅವರಿಗೆ ತೇಜಶ್ರೀಯ ನಮಸ್ಕಾರ.

ಸಾರ್, ನಿಮ್ಮ ಪತ್ರ ಕೈಸೇರಿತು. ಹಾಸನದಲ್ಲಿ ಬಿಸಿನೆಸ್ ಮಾಡೆಲ್ ಕುರಿತ ವಿಚಾರ ಸಂಕಿರಣ ಏರ್ಪಡಿಸಿದ್ದೀರಿ, ನಾನು ಬಂದು ಮಾತಾಡಬೇಕು, ನನ್ನನ್ನು ನಿಮ್ಮ ಶಿಷ್ಯೆಯೆಂದು ಪರಿಚಯಿಸಲು ಹೆಮ್ಮೆಯಾಗುತ್ತದೆ ಎಂದು ಬರೆದಿದ್ದೀರಿ. ಎರಡು ಸಲ ಓದಿದೆ. ಉತ್ತರ ಹೇಳುವ ಮೊದಲು, ನಿಮಗೆ ಮರೆತಿರಬಹುದಾದ ಕೆಲವನ್ನು ಹೇಳಬೇಕು.

೧೯೯೯ರಲ್ಲಿ ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿ. ನೀವು ನನ್ನ ಪಿಎಚ್‌ಡಿ ಗೈಡ್. ಈ ವಿಷಯ ಕೊಟ್ಟವರೂ ನೀವೇ, ಅದನ್ನು ನಾನು ಮರೆತಿಲ್ಲ. "ಒಂದು ವ್ಯಾಪಾರ ಯಾರಿಗೆ ಏನು ಕೊಡುತ್ತೆ, ತಾನು ಹೇಗೆ ಬದುಕುತ್ತೆ, ಅದೇ ಬಿಸಿನೆಸ್ ಮಾಡೆಲ್ಲಮ್ಮ. ಅದರ ಮೇಲೆ ಸಂಶೋಧನೆ ಹೇಗೆ ಬೆಳೆದು ಬಂತು ನೋಡು" ಎಂದಿರಿ. ಶನಿವಾರ ಶನಿವಾರ ಮೈಸೂರಿನ ಲೈಬ್ರರಿಗೆ ಹೋಗಿ ಹಳೆಯ ಸಂಶೋಧನಾ ಪತ್ರಿಕೆಗಳನ್ನು ತಿರುವಿದೆ. ತೊಂಬತ್ತೈದಕ್ಕೆ ಮುಂಚೆ ಆ ಮಾತು ಅಪರೂಪ. ಸಿಕ್ಕರೂ ಬಹುಪಾಲು, ಕಂಪನಿಯ ಕೆಲಸಗಳನ್ನು ಕಂಪ್ಯೂಟರಿಗಾಗಿ ಬರೆದ ನಕ್ಷೆ ಎಂಬ ಅರ್ಥದಲ್ಲಿ. ಇಂಟರ್‌ನೆಟ್ ಬಂದ ಮೇಲೆ ಪುಟಪುಟದಲ್ಲೂ ಅದೇ ಮಾತು. ಆದರೆ ಒಬ್ಬರ ವ್ಯಾಖ್ಯೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ, ಮತ್ತು ನಾನು ಓದಿದ ಯಾರೂ ನಮ್ಮಂಥ ಊರಿನ ವ್ಯಾಪಾರವನ್ನು ನೋಡಿರಲಿಲ್ಲ.

ನೋಡುವ ಕೆಲಸ ನಾನೇ ಮಾಡೋಣ ಎನ್ನಿಸಿತು. ನನ್ನ ಅವ್ವ ಬೆಟ್ಟಮ್ಮ ನಮ್ಮ ಕೇರಿಯ ಐವರು ಹೆಂಗಸರನ್ನು ಕೂಡಿಕೊಂಡು ತೆಂಗಿನ ತೋಟಗಳಿಗೆ ಹೋಗುತ್ತಾಳೆ. ಉದುರಿದ ಗರಿಗಳನ್ನೆಲ್ಲ ಎತ್ತಿ ತೋಟ ಚೊಕ್ಕಟ ಮಾಡಿಕೊಡುತ್ತಾರೆ. ತೋಟದವರು ಕೂಲಿ ಕೊಡುವುದಿಲ್ಲ, ಇವರು ಗರಿಗೆ ಬೆಲೆ ಕೊಡುವುದಿಲ್ಲ. ಕಡ್ಡಿ ಸೀಳಿ, ಪೊರಕೆ ಕಟ್ಟಿ, ಬಸ್ಸಿನ ಮೇಲೆ ಹಾಕಿಕೊಂಡು ಹೊಳೆನರಸೀಪುರದ ಅಂಗಡಿಗಳಿಗೆ ಕೊಟ್ಟು ಬರುತ್ತಾರೆ. ಈ ಕೊಡುಕೊಳ್ಳುವಿಕೆಯಲ್ಲಿ ನಿನ್ನ ಗಿರಾಕಿ ಯಾರವ್ವ ಎಂದು ಕೇಳಿದ್ದೆ. "ತ್ವಾಟ ಚೊಕ್ಕ ಆಯ್ತದೆ ಅಂತ ಅವ್ರು ಕರೀತಾರೆ, ಗರಿ ಸಿಕ್ತದೆ ಅಂತ ನಾನು ಓಯ್ತೀನಿ. ಯಾರು ಗಿರಾಕಿ ಅಂತ ನೀನೇ ಬರ್ಕೊ ಕಣವ್ವ" ಎಂದಿದ್ದಳು. ಅದನ್ನೇ ನಾಲ್ಕನೆಯ ಅಧ್ಯಾಯವಾಗಿ ಬರೆದೆ.

೨೦೦೧ರ ಹೊತ್ತಿಗೆ ಇಂಟರ್‌ನೆಟ್ ಕಂಪನಿಗಳು ಸಾಲಾಗಿ ಮುಳುಗಿದವು. ಬಿಸಿನೆಸ್ ಮಾಡೆಲ್ ಎನ್ನುವುದೇ ನಗೆಪಾಟಲಾಯಿತು. ನೀವು ನನ್ನ ಕರಡಿನ ಮೂರು ಪುಟ ತಿರುವಿ, "ಪೊರಕೆ ಮೇಲೆ ಪಿಎಚ್‌ಡಿ ಮಾಡ್ತೀಯೇನಮ್ಮ? ಸಹಕಾರ ಸಂಘಗಳ ಮೇಲೊಂದು ಸರ್ವೆ ಮಾಡು, ಎರಡು ವರ್ಷದಲ್ಲಿ ಸಹಿ ಹಾಕ್ತೀನಿ" ಎಂದಿರಿ. ಎಂದಿನಂತೆ ನಿಮ್ಮ ಮೇಜಿನ ಮುಂದೆ ನಿಂತುಕೊಂಡೇ ನಾನು ಒಲ್ಲೆ ಎಂದೆ. ಆಗ ನೀವು ಸಿಟ್ಟಾಗಲಿಲ್ಲ. ಕನ್ನಡಕ ಒರೆಸುತ್ತಾ, "ನಿಮ್ಮಂಥವರಿಗೆ ಸೀಟು ಸಿಕ್ಕಿದ್ದೇ ಹೆಚ್ಚು" ಎಂದಿರಿ. ಅವತ್ತು ಮಧ್ಯಾಹ್ನವೇ ನೋಂದಣಿ ರದ್ದು ಮಾಡಿಸಿದೆ. ಬಸ್ ಸ್ಟ್ಯಾಂಡಿನವರೆಗೂ ಕಣ್ಣಲ್ಲಿ ನೀರು ಬರಲಿಲ್ಲ. ಬಸ್ಸು ಹೊರಟ ಮೇಲೆ ಬಂತು.

ಓದುವುದನ್ನು ನಾನು ನಿಲ್ಲಿಸಲಿಲ್ಲ ಸಾರ್. ನಿಜವಾದ ಸಂಶೋಧನೆ ಚುರುಕಾದದ್ದು ನೀವು ಈ ವಿಷಯವನ್ನು ಕೈಬಿಟ್ಟ ಮೇಲೆಯೇ. ಕಂಪನಿಗಳು ಬಿದ್ದದ್ದು ಯಾಕೆಂದು ಕೇಳುತ್ತಾ ಕೆಲವರು ಬಿಸಿನೆಸ್ ಮಾಡೆಲ್ ಎನ್ನುವುದನ್ನು ಭಾಗ ಭಾಗವಾಗಿ ಬಿಡಿಸಿದರು. ಕೆಲವರು, ಇದು ಪೈಪೋಟಿಯ ಉಪಾಯವಲ್ಲ, ಬೇರೆಯದೇ ಒಂದು ಸಂಗತಿ ಎಂದು ವಾದಿಸಿದರು. ಬರಬರುತ್ತಾ ಇನ್ನೂ ಕೆಲವರು, ಒಂದೇ ಕಂಪನಿಯನ್ನು ನೋಡಿದರೆ ಸಾಲದು, ಅದರ ಹೊರಗಿನವರೂ ಸೇರಿ ನೇಯ್ದ ಕೆಲಸಗಳ ಬಲೆಯನ್ನು ನೋಡಬೇಕು ಎಂದರು. ತೋಟದವರೂ ಅವ್ವನೂ ಅಂಗಡಿಯವರೂ ಸೇರಿ ನೇಯ್ದದ್ದು ಅಂಥದೇ ಬಲೆ. ಅದನ್ನು ಓದಿದ ದಿನ ಅವ್ವನ ಕೈ ಹಿಡಿದು ನಕ್ಕೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ.

೨೦೦೪ರಲ್ಲಿ ಮೈಸೂರಿನ ಶಿವಗಂಗಮ್ಮ ಮೇಡಂ ನನ್ನ ಕರಡನ್ನು ಪೂರ್ತಿ ಓದಿ ಗೈಡ್ ಆಗಲು ಒಪ್ಪಿದರು. ಹೋದ ವರ್ಷ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದಿತ್ತು, ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು, ನಾಳೆ ತೋಟದವರು ಗರಿಗೆ ಬೆಲೆ ಕೇಳಿದರೆ ನಿಮ್ಮ ಮಾಡೆಲ್ ಏನಾಗುತ್ತದೆ ಎಂದರು. ನಾನು ಪ್ರಬಂಧದ ಪುಟ ತಿರುವತೊಡಗಿದೆ. ಹಿಂದಿನ ಬೆಂಚಿನಿಂದ ಅವ್ವ ಎದ್ದು ನಿಂತಳು. "ಕೇಳವ್ರೆ ಸಾ. ಓದ್ವರ್ಸ ನಮ್ಮೂರ ಚೆನ್ನಯ್ಯನೋರು ಕೇಳುದ್ರು. ನಾವು ಆರ್ ಜನಾನೂ ಎಲ್ಡ್ ತಿಂಗ್ಳು ಅವ್ರ ತ್ವಾಟುಕ್ಕೆ ಓಗ್ಲಿಲ್ಲ. ಗರಿ ಮ್ಯಾಲೆ ಗರಿ ಬಿದ್ದು, ಬಿದ್ದಿದ್ ಕಾಯಿ ಉಡುಕಕ್ಕೂ ಆಗ್ದೆ ಅವ್ರೇ ಬಂದು ಕರುದ್ರು" ಎಂದಳು. ಪರೀಕ್ಷಕರು ಪೆನ್ನು ತೆಗೆದು ಬರೆದುಕೊಂಡರು. ನನಗೆ ಡಾಕ್ಟರೇಟ್ ಬಂತು.

ಈಗ ನಿಮ್ಮ ಪತ್ರಕ್ಕೆ ಉತ್ತರ. ಸಂಕಿರಣಕ್ಕೆ ಬರುತ್ತೇನೆ. ನಿಮ್ಮ ಶಿಷ್ಯೆ ಎಂದು ಹೇಳಬೇಡಿ. ಹೇಳಿದರೆ ಅದೇ ಮೈಕಿನಲ್ಲಿ ನಾನು ತಿದ್ದಬೇಕಾಗುತ್ತದೆ, ಅದು ನಿಮಗೂ ಚೆನ್ನಾಗಿರುವುದಿಲ್ಲ. ನನ್ನ ಹೆಸರಿಗಿಂತ ಮೇಲೆ, ಭಾಷಣಕಾರರ ಸಾಲಿನಲ್ಲಿ, ಹಳೇಕೋಟೆಯ ಬೆಟ್ಟಮ್ಮ ಎಂದು ಅಚ್ಚಾಗಬೇಕು. ಮೊದಲು ಅವಳು ಮಾತಾಡುತ್ತಾಳೆ. ಅವಳ ಭಾಷೆಯಲ್ಲೇ, ಅವಳಿಗೆ ಬೇಕಾದಷ್ಟು ಹೊತ್ತು. ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ, ನಮಗೆ ಆ ದಿನ ಕೆಲಸವಿದೆ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ಈಗ ನಿಮ್ಮ ಕೈಕೆಳಗೆ ಓದುತ್ತಿರುವ ಮಕ್ಕಳು ನಿಮ್ಮೆದುರು ಕುರ್ಚಿಯಲ್ಲಿ ಕೂತು, ಹೆದರದೆ ಮಾತಾಡುವಂತಾಗಲಿ.

ಇಂತಿ,
ಬೆಟ್ಟಮ್ಮನ ಮಗಳು, ಬೆಟ್ಟಮ್ಮನದೇ ಶಿಷ್ಯೆ,
ತೇಜಶ್ರೀ