ನಮ್ಮ ಬೀದಿಗೆ ಬಂದ ವೈಫೈ

ಮರಡಿಕೊಪ್ಪಲು, ರಾಮನಾಥಪುರ ಅಂಚೆ
೧೭ ನವೆಂಬರ್ ೨೦೨೪

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಶಾಂತಿಯ ನಮಸ್ಕಾರ. ಹೇಗಿದ್ದೀಯ? ಮೂಗಿನಲ್ಲಿ ರಕ್ತ ಬರುತ್ತದೆ ಎಂದಿದ್ದೆಯಲ್ಲ, ನಿಂತಿತಾ? ಹಿಮದ ಮೇಲಿನ ನಿನ್ನ ಮಿಲಿಟರಿ ಪೋಸ್ಟಿಗೆ ಫೋನ್ ಸಿಕ್ಕುವುದಿಲ್ಲವಾದ್ದರಿಂದ ಪೆನ್ನು ಹಿಡಿದಿದ್ದೇನೆ. ಅಪ್ಪನಿಗೆ ಮಂಡಿನೋವು ಹಾಗೇ ಇದೆ, ಆದರೂ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅಮ್ಮ ಗಟ್ಟಿಯಾಗಿದ್ದಾಳೆ. ಈಚೆಗೆ ಇನ್ನಷ್ಟು ಗಟ್ಟಿಯಾಗಿದ್ದಾಳೆ, ಯಾಕೆಂದು ಮುಂದೆ ಬರೆಯುತ್ತೇನೆ.

ಜಗಲಿಯ ವಿಷಯ, ನೀನು ಪೋಸ್ಟಿಗೆ ಹತ್ತುವ ಮುಂಚೆ ಅಮ್ಮ ನಿನಗೆ ಫೋನಿನಲ್ಲಿ ಅರ್ಧ ಹೇಳಿರಬೇಕು. ಪೂರ್ತಿ ಕೇಳು. ಆನ್‌ಲೈನಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿದಾಗ ನಮ್ಮ ಮನೆಗೆ ವೈಫೈ ಹಾಕಿಸಿದೆವಲ್ಲ, ಅದು ನಮ್ಮ ಮನೆಗೆ ಬರಲೇ ಇಲ್ಲ. ಲೈನ್ ಎಳೆಯುವ ಮಂಜುನಾಥ ಮೇಲಿನ ಬೀದಿಯ ನಂಜಪ್ಪನವರ ಮೂಲೆಮನೆಯವರೆಗೆ ತಂತಿ ತಂದು ನಿಂತುಬಿಟ್ಟ. "ನಂಜಪ್ಪನೋರು ಅವ್ರ ಕಾಂಪೌಂಡ್ ಮ್ಯಾಲೆ ನಿಮ್ ಬೀದಿಗೆ ತಂತಿ ಎಳೀಬ್ಯಾಡ ಅಂತಾರೆ ಕಣಕ್ಕ. ಬಾಕ್ಸ್ನ ಅವ್ರ ಜಗ್ಲೀಲೇ ಇಟ್ಬುಡ್ತೀನಿ, ಸಿಗ್ನಲ್ಲು ನಿಮ್ಮನೆಗಂಟ ಬತ್ತದೆ" ಎಂದ. ನಾವು ಒಪ್ಪಿಕೊಂಡೆವು. ಯಾವತ್ತೂ ಒಪ್ಪಿಕೊಂಡು ಬಂದವರಲ್ಲವೇ?

ಸಿಗ್ನಲ್ಲು ನಂಜಪ್ಪನವರ ದಪ್ಪ ಗೋಡೆ ದಾಟಿ ಬರುವಷ್ಟರಲ್ಲಿ ಸಾಯುತ್ತಿತ್ತು. ಅವರ ಕಾಂಪೌಂಡಿನ ಹೊರಗೆ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಲೆಗೆ ಟವೆಲ್ ಹೊದ್ದು ಬಿಸಿಲಿನಲ್ಲಿ ಪಾಠ ಮಾಡುತ್ತಿದ್ದೆ. ಒಳಗೆ ಅವರ ಮನೆಯವರೆಲ್ಲ ಅದೇ ಬಾಕ್ಸಿನಿಂದ ಸಿನಿಮಾ ನೋಡುತ್ತಿದ್ದರು. ಒಂದು ದಿನ ವರ್ಗಸಮೀಕರಣದ ನಡುವೆ ಪರದೆ ನಿಂತುಹೋಯಿತು. ಮಕ್ಕಳು "ಮಿಸ್, ಮಿಸ್" ಎನ್ನುವುದು ಮಾತ್ರ ತುಂಡುತುಂಡಾಗಿ ಕೇಳುತ್ತಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸಂಜೆ ಕಂಪನಿಯಿಂದ ಫೋನ್ ಬಂತು.

ಮರುದಿನ ಹೋಗಿ ಆ ಜಗಲಿ ಹತ್ತಿದೆ ಅಣ್ಣ. ಅಪ್ಪ ಹತ್ತಿರಲಿಲ್ಲ, ತಾತ ಹತ್ತಿರಲಿಲ್ಲ, ಯೂನಿಫಾರ್ಮ್ ಹಾಕಿಕೊಂಡು ಹೋದ ನೀನೂ ಅಂಗಳದಲ್ಲೇ ನಿಂತು ಮಾತಾಡಿ ಬಂದವನು. ಪ್ಲಗ್ ಕಿತ್ತು, ಬಾಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡೆ. ನಂಜಪ್ಪನವರು ಒಳಗಿಂದ ಬಂದು "ಏನಮ್ಮೀ, ಯಾರ್ನ ಕೇಳಿ ಜಗ್ಲಿ ಅತ್ದೆ?" ಎಂದರು. "ಇಷ್ಟ್ ದಿನ ನನ್ ಬಾಕ್ಸು ಇಲ್ಲೇ ಕುಂತಿತ್ತು, ಅದ್ಕೇನೂ ಅನ್ಲಿಲ್ವಲ್ಲ ಸಾ" ಎಂದೆ. ನಾನು ಮೆಟ್ಟಿಲಿಳಿದು ಬಂದೆ.

ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅಮ್ಮ ಮಾತ್ರ ಗುದ್ದಲಿ ತೆಗೆದಳು. ರಸ್ತೆಯ ಅಂಚಿನಲ್ಲಿ ತಂತಿಗೆ ಪೈಪು ಹೂಳಲು ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ತಂದಿದ್ದೆ. ಅಮ್ಮ ಅಗೆಯಲು ಶುರುಮಾಡುತ್ತಲೇ ಪಕ್ಕದ ಮನೆ ಬೆಟ್ಟಮ್ಮ ಬಂದಳು, ಆಮೇಲೆ ಒಬ್ಬೊಬ್ಬರಾಗಿ ಬೀದಿಯೇ ಬಂತು. ನಂಜಪ್ಪನವರು ಗೇಟಿನಲ್ಲಿ ನಿಂತು ಕೆಮ್ಮಿದಾಗ ಅಮ್ಮ ತಲೆ ಎತ್ತದೆ, "ರಸ್ತೆ ಪಂಚಾಯ್ತೀದು ಕಣ್ರವ್ವ, ಅಗೀರಿ" ಎಂದಳು. ಆ ದನಿ ಅವಳಲ್ಲಿ ಇಷ್ಟು ವರ್ಷ ಎಲ್ಲಿತ್ತೋ! ಮಂಜುನಾಥ ಹೆದರುತ್ತಲೇ ಬಂದ, ಆದರೆ ಬಂದ. ಪೈಪಿನೊಳಗಿಂದ ಹೊಸ ತಂತಿ ಎಳೆದುಕೊಟ್ಟ.

ಇನ್ನೊಂದು ತಮಾಷೆ ಕೇಳು. ಮಾತು ಬಿಟ್ಟಿದ್ದ ಅಪ್ಪ, ಇಲಿ ಕಡಿಯುತ್ತದೆಂದು ಬಾಕ್ಸನ್ನು ಕಬ್ಬಿಣದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದ್ದ! ಮತ್ತೆ ನೆಟ್ ಇಲ್ಲ. ಸಿಗ್ನಲ್ಲು ಬೀರುವಿನ ತಗಡು ದಾಟಿ ಬರುವುದಿಲ್ಲವೆಂದು ತಿಳಿಸಿ ಹೇಳಿ, ನಡುಮನೆಯ ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು ಬಾಕ್ಸ್ ತೂಗುಹಾಕಿದೆ. ಹತ್ತಿರದಲ್ಲೇ ಇದ್ದ ಟಿ.ವಿ.ಯನ್ನು ಸಿಗ್ನಲ್ಲಿಗೆ ಅಡ್ಡವಾಗದಂತೆ ದೂರ ಸರಿಸಿದೆ. ಪಾಸ್‌ವರ್ಡನ್ನೂ ಬದಲಾಯಿಸಿದೆ. ಈಗ ಹಿತ್ತಲಿನಲ್ಲಿ ಕೂತರೂ ಪಾಠ ನಿಲ್ಲುವುದಿಲ್ಲ. ಬೆಟ್ಟಮ್ಮನ ಮನೆಗೂ ಲೈನ್ ಬಂತು, ಇನ್ನೂ ಕೆಲವರು ಕೇಳಿದ್ದಾರೆ.

ಮೈ ಬೆಚ್ಚಗೆ ಇಟ್ಟುಕೋ, ಊಟ ಬಿಡಬೇಡ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಶಾಂತಿ

ಮರೆತಿದ್ದೆ: ಪೋಸ್ಟಿಗೆ ಹತ್ತುವ ಮುಂಚೆ ನೀನು ನಂಜಪ್ಪನವರಿಗೆ ಫೋನ್ ಮಾಡಿ, "ತಂಗಿಗೆ ತಿಳುವಳ್ಕೆ ಇಲ್ಲ, ತಪ್ಪಾಯ್ತು" ಅಂದೆಯಂತೆ. ಅವರು ಅಂಗಡಿಯಲ್ಲಿ ಹತ್ತು ಜನರೆದುರು ಹೇಳಿಕೊಂಡು ನಕ್ಕರು, ಅಮ್ಮ ಉಪ್ಪು ಕೊಳ್ಳುತ್ತಾ ಕೇಳಿಸಿಕೊಂಡಳು. ನಾನು ತಪ್ಪು ಮಾಡಿಲ್ಲ ಅಣ್ಣ, ನೀನು ಮಾಡಿದ್ದೀಯ. ರಜೆಗೆ ಬಂದಾಗ ಬಸ್ಸಿಳಿದವನೇ ಅವರ ಮನೆಗೆ ಹೋಗು. ಅಂಗಳದಲ್ಲಿ ನಿಲ್ಲಬೇಡ, ಜಗಲಿ ಹತ್ತಿ ಆ ಮಾತನ್ನು ವಾಪಸ್ ತೆಗೆದುಕೋ. ಆಮೇಲೆ ಮನೆಗೆ ಬಾ, ಕೋಳಿ ಸಾರು ಮಾಡಿಟ್ಟಿರುತ್ತೇನೆ.