ಉಗುರು ಎಂದರೆ ಯಾವ ಉಗುರು?

ಬೆಳಗಾವಿ
ಇಸವಿ ೨೨೪೧, ಫೆಬ್ರವರಿ ಮೂವತ್ತು

ಉದ್ಯಮಬಾಗದ ಗ್ರೈಂಡರ್ ಸಾವಂತ್ರೆವ್ವ ಬಡಿಗೇರ ಆಯಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲಗಂಗಾ ಮಾಡುವ ನಮಸ್ಕಾರ. ತಾರೀಖು ನೋಡಿ ನಗಬೇಡಿ, ಈಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕನ್ನಡ ನನಗೆ ಅರ್ಥವಾಗದ್ದರಿಂದಲೇ ಈ ಪತ್ರ ಬರೆಯಬೇಕಾಗಿ ಬಂದಿದೆ.

ನಾನೂ ನಿಮ್ಮ ಹಾಗೆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಗ್ರೈಂಡಿಂಗ್ ಮಾಡುವವಳು. ಆದರೆ ನಮ್ಮಲ್ಲಿ ಯಾರೂ ಲೋಹವನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ಬಂದೊಡನೆ ಮೊಣಕೈವರೆಗೆ ಕೈಗವಸು ತೊಟ್ಟರೆ ಊಟಕ್ಕೆ ಎದ್ದಾಗಲೇ ಕಳಚುವುದು. ಕೆಲಸ ಶುರುವಾಗುವ ಮೊದಲೇ ಕಣಿಪೆಟ್ಟಿಗೆ ಮಾತಾಡುತ್ತದೆ. ಕಲ್ಲು ಎಷ್ಟು ಸವೆದಿದೆ, ವೇಗ ಎಷ್ಟು, ತಂಪಿಗೆಂದು ಸುರಿಯುವ ಕೂಲಂಟ್ ಎಷ್ಟು ಬಿಸಿ ಎಂದೆಲ್ಲ ಕೇಳಿಕೊಂಡು, ಶಾಫ್ಟಿನ ಮೈಯಲ್ಲಿ ಎಷ್ಟು ಒರಟು ಉಳಿಯುತ್ತದೆಂದು ಮುಂಚೆಯೇ ಹೇಳುವ ಯಂತ್ರ ಅದು. ಅದು ಹೇಳಿದ ಮೇಲೆ ಅಳೆಯುವ ರೂಢಿಯಿಲ್ಲ. ಅಳೆಯುವ ಸಾಧನ ಮ್ಯೂಸಿಯಮ್ಮಿನಲ್ಲಿದೆ. ಈ ಪೆಟ್ಟಿಗೆಗೆ ಪಾಠ ಕಲಿಸಿದ್ದು ನಿಮ್ಮ ಲಾಗ್‌ಬುಕ್. ಪುಟಪುಟದಲ್ಲೂ ನೀವು "ಉಗುರು ನೋಡೇನಿ, ಛಲೋ ಐತಿ" ಎಂದು ಬರೆದಿದ್ದೀರಿ. ನಮ್ಮ ಹಿರಿಯರು ಬಹಳ ತಲೆ ಕೆಡಿಸಿಕೊಂಡು, ಇದು ಉಗುರುಬೆಚ್ಚಗಿನ ಉಗುರು, ಕೂಲಂಟಿನ ಬಿಸಿಯ ಮಾತು ಎಂದು ತೀರ್ಮಾನಿಸಿದರು. ಅಂದಿನಿಂದ ನಾವು ಕೂಲಂಟನ್ನು ಭಕ್ತಿಯಿಂದ ಕಾಯಿಸಿ ಬಿಡುತ್ತಿದ್ದೇವೆ.

ಇಂದು ನನ್ನ ಕೈಗವಸು ಹರಿಯಿತು. ಮುಗಿದ ಶಾಫ್ಟಿನ ಮೇಲೆ ಹೆಬ್ಬೆರಳ ಉಗುರು ಸರಿಯುವಾಗ ಎಲ್ಲೋ ತಡೆಯಿತು. ಪೆಟ್ಟಿಗೆ ನುಣುಪು ಎಂದಿತ್ತು. ಮತ್ತೆ ಎಳೆದೆ, ಮತ್ತೆ ತಡೆಯಿತು. ನೀವು ನೋಡುತ್ತಿದ್ದುದು ಈ ಉಗುರನ್ನೇ? ಪರೀಕ್ಷಕ ಚೆನ್ನಬಸಪ್ಪನವರಿಗೆ ಹೇಳಿದರೆ, "ನಿನ್ನ ಉಗುರ ಏನ್ ಮಷೀನ್ ಐತೇನವಾ? ಸುಮ್ನ ಶಿಕ್ಕಾ ಹೊಡದ ಕಳಸ್" ಎಂದು ಗದರಿದರು. ಅವರದೂ ತಪ್ಪಲ್ಲ. ತಡೆದದ್ದು ಶಾಫ್ಟೋ, ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹಾಳಾದ ನನ್ನ ಉಗುರೋ, ನನಗೇ ಗೊತ್ತಾಗುತ್ತಿಲ್ಲ. ಎಷ್ಟು ತಡೆದರೆ ಕೆಟ್ಟದ್ದೆಂದು ಕಲಿಸಿದವರೂ ಇಲ್ಲ.

ಈ ಶಾಫ್ಟ್ ಹೋಗುವುದು ಹಾರುದೋಣಿಗೆ. ಅಂದರೆ ನಿಮ್ಮ ಆಂಬುಲೆನ್ಸೇ, ಗಾಳಿಯಲ್ಲಿ ಹೋಗುತ್ತದೆ ಅಷ್ಟೆ. ಅದನ್ನು ನಡೆಸುವವಳು ನನ್ನ ತಂಗಿ ಗೌರಾ. ಈ ಶಾಫ್ಟಿಗಾಗಿಯೇ ಅವಳ ದೋಣಿ ಎಂಜಿನ್ ಬಿಚ್ಚಿಕೊಂಡು ನಿಂತಿದೆ. ಒರಟು ಉಳಿದಿದ್ದರೆ ಬೇರಿಂಗ್ ಸುಟ್ಟು ನಡುಗಾಳಿಯಲ್ಲೇ ಎಂಜಿನ್ ನಿಂತುಬಿಡುತ್ತದೆ.

ಈ ಪತ್ರ ಸಿಕ್ಕರೆ, ಆಯಿ, ದಯವಿಟ್ಟು 'ಬೆರಳಿನ ಉಗುರು' ಎಂದು ಪೂರ್ತಿ ಬರೆಯಿರಿ. ಎಷ್ಟು ತಡೆದರೆ ಬೇಡ ಎಂಬುದನ್ನೂ ಬರೆಯಿರಿ. ನೀವು ಬರೆದೊಡನೆ ಇಲ್ಲಿಯ ಪುಟವೂ ಬದಲಾಗಬಹುದೆಂದು ಅರ್ಧ ಗಂಟೆಯಿಂದ ನಿಮ್ಮ ಪುಸ್ತಕ ತೆರೆದುಕೊಂಡು ಕೂತಿದ್ದೇನೆ. ಒಂದಕ್ಷರವೂ ಬದಲಾಗಿಲ್ಲ. ನನಗೆ ಭಯವಾಗುತ್ತಿದೆ. ಕೊನೆಗೆ ಮುದ್ರೆ ಒತ್ತದೆ, ಈ ಶಾಫ್ಟ್ ಬೇಡ ಎಂದು ಬರೆದು ಸಹಿ ಮಾಡಿದ್ದೇನೆ. ಗೌರಾ ಇಂದು ಹಾರುವುದಿಲ್ಲ. ಮಲಪ್ರಭೆಯ ಆಚೆ ಒಬ್ಬ ಹೆಣ್ಣುಮಗಳು ಹೆರಿಗೆ ನೋವಿನಲ್ಲಿ ಅವಳ ದಾರಿ ಕಾಯುತ್ತಿದ್ದಾಳೆ.