ಬಿಳಿ ಬಟ್ಟೆಯ ಕಟ್ಟು

ಪದ್ಮಕ್ಕ,

ಹೆಸರಿನ ಮುಂದೆ ‘ಪ್ರೀತಿಯ’ ಅಂತ ಬರೆಯಲು ಕೈ ಏಳಲಿಲ್ಲ. ‘ಅಕ್ಕ’ ಅನ್ನುವುದು ರೂಢಿಯಿಂದ ಬಂದುಬಿಟ್ಟಿತು, ಇರಲಿ. ಮೊನ್ನೆ ನಿನ್ನ ವರ್ಷದ ತಿಥಿ ಮುಗಿಯಿತು. ವಡೆ, ಪಾಯಸ, ನೀನು ಇಷ್ಟಪಡುತ್ತಿದ್ದ ಹಾಗಲಕಾಯಿ ಗೊಜ್ಜು, ಎಲ್ಲವನ್ನೂ ಮಡಿಯಲ್ಲಿ ನಾನೇ ಮಾಡಿದೆ. ಕಾಗೆ ಬೇಗ ಬಂದು ಪಿಂಡ ಮುಟ್ಟಿತು. "ಅಮ್ಮ ತೃಪ್ತಿಯಾಗಿದ್ದಾಳೆ ಚಿಕ್ಕಮ್ಮ" ಅಂತ ನಿನ್ನ ಮಗಳು ಸುಮ ಕಣ್ಣೊರೆಸಿಕೊಂಡಳು. ನಾನು ಒಳಗೆ ಹೋಗಿ ಒಲೆ ಆರಿಸಿದೆ.

ಆಷಾಢದಲ್ಲಿ ನಿನ್ನ ಜಾತಕದ ಬೀರುವಿಗೆ ಗೆದ್ದಲು ಹಿಡಿಯಿತು. ಕೆಳಗಿನ ಅರೆಯಲ್ಲಿದ್ದ ಒಂದು ಕಟ್ಟು ಅರ್ಧ ಮಣ್ಣಾಗಿತ್ತು. ಸುಮ ಮಾಲೂರಿನ ತನ್ನ ಜೆರಾಕ್ಸ್ ಅಂಗಡಿಯಿಂದ ಸ್ಕ್ಯಾನರ್, ಲ್ಯಾಪ್‌ಟಾಪ್ ಹೊತ್ತು ತಂದಳು. "ಚಿಕ್ಕಮ್ಮ, ಇನ್ನೊಂದು ಮಳೆಗಾಲ ಕಳೆದ್ರೆ ನಿಂಗೆ ಜಾತಕ ಸಿಗಲ್ಲ, ಹುತ್ತ ಸಿಗುತ್ತೆ. ಎಲ್ಲಾನೂ ಕಂಪ್ಯೂಟರಿಗೆ ಹಾಕ್ಬಿಡೋಣ" ಅಂದಳು. ನಾನು ಬಗ್ಗಲಿಲ್ಲ. "ಜಾತಕ ಅಂದ್ರೆ ರೇಷನ್ ಕಾರ್ಡೇನೇ? ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು ಕೊಡೋದು ಕಣೇ." "ಪ್ರಿಂಟ್ ತೆಗೆದು ಅದಕ್ಕೇ ಹಚ್ಚು ಅರಿಶಿನ, ಯಾರು ಬೇಡ ಅಂದ್ರು? ಲಕ್ಕೂರಿಂದ ಬಂದಿದ್ರಲ್ಲ, ಆ ಹುಡುಗಿ ತಾಯಿ, ಏನಂದ್ರು ನೆನಪಿದ್ಯಾ? 'ವಾಟ್ಸಾಪಿಗೆ ಕಳಿಸಲ್ವಾ? ಹಂಗಾದ್ರೆ ಬೇರೆ ಕಡೆ ನೋಡ್ಕೋತೀವಿ ಬಿಡಿ' ಅಂದ್ರು." ನಾನು ಸೋತೆ. ಸೋತದ್ದು ಒಳ್ಳೆಯದೇ ಆಯಿತೋ, ಇಲ್ಲ...

ತಾಯಲೂರಿನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಟ್ರಂಕು ಹಿಡಿದು ಮುಳಬಾಗಿಲಿಗೆ ನಿನ್ನ ಮನೆಗೆ ಬಂದ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ ಆ ವರ್ಷ ಹೋದರು. ಭಾವ ತೀರಿಕೊಂಡು ನೀನು ಸುಮಳನ್ನು ಸೊಂಟಕ್ಕೆ ಹಾಕಿಕೊಂಡು ಸಂಬಂಧ ಹುಡುಕಿಕೊಡುವ ಕೆಲಸ ಶುರು ಮಾಡಿದ್ದೆ. ಮೊದಲ ದಿನವೇ ಬೀರು ತೆರೆದು ಪಾಠ ಹೇಳಿದೆ. ಮದುವೆ ಆಗಬೇಕಾದವರದ್ದು ಕೆಂಪು ಬಟ್ಟೆಯ ಕಟ್ಟು. ಮದುವೆ ಆದವರದ್ದು ಹಳದಿ. ತೀರಿಕೊಂಡವರದ್ದು ಬಿಳಿ. "ಬದುಕಿರೋರ ಜಾತಕ ಹರೀಬಾರ್ದು, ಸುಡಬಾರ್ದು, ಬ್ರಹ್ಮಹತ್ಯೆಗೆ ಸಮ. ಸತ್ತೋರದ್ದು ಮನೇಲಿ ಇಟ್ಕೋಬಾರ್ದು, ವರ್ಷದ ತಿಥಿ ಆದ್ಮೇಲೆ ನೀರಿಗೆ ಬಿಡಬೇಕು. ಇಲ್ದಿದ್ರೆ ಜೀವ ಹೊಸ್ತಿಲು ದಾಟಲ್ಲ. ಇದು ಅಪ್ಪ ಹೇಳಿದ್ದು, ಮರೀಬೇಡ ಜಾನಕಿ." ನಾನು ಮರೆಯಲಿಲ್ಲ. ನೀನೂ ಮರೆತಿರಲಿಲ್ಲ, ಅದೇ ನೋಡು ಕಥೆ.

ಹೋಳೂರಿನ ಆ ಹಿರಿಯರು ಬಂದದ್ದು ನನಗೆ ಇಪ್ಪತ್ತೊಂದು ವರ್ಷವಾಗಿದ್ದಾಗ. ಮಗನಿಗೆ ಹೆಣ್ಣು ಹುಡುಕುತ್ತಾ ಬಂದವರು, ನೀನು ಕೊಟ್ಟ ಜಾತಕಗಳನ್ನು ಬಿಟ್ಟು ಅದರ ಅಕ್ಷರವನ್ನೇ ನೋಡುತ್ತಾ ಕೂತರು. "ಅಕ್ಷರಾಲು ಮುತ್ಯಾಲಮ್ಮಾ, ಮುತ್ಯಾಲು! ಯಾರು ಬರೆದಿದ್ದು?" ಅಂದರು. ನೀನು "ನನ್ನ ತಂಗಿ" ಅಂದೆ. "ಹಂಗಾದ್ರೆ ಈ ಕಾಗದ ಎಲ್ಲಾ ಯಾಕೆ? ಬರೆದವಳ ಜಾತಕನೇ ಕೊಡಿ. ಮುತ್ತು ಪೋಣಿಸೋ ಕೈ ನಮ್ಮನೇಗೆ ಬರಲಿ." ಬಾಗಿಲ ಹಿಂದೆ ನಿಂತಿದ್ದ ನನ್ನ ಕಿವಿ ಬಿಸಿಯಾದದ್ದು ನಿನಗೆ ಕಂಡಿತ್ತು. ನೀನು ನಕ್ಕೆ ಕೂಡ. ಅವರು ಹೊರಟ ಮೇಲೆ ಅಪ್ಪನ ಹಳೆಯ ಚೀಟಿ ಹಿಡಿದುಕೊಂಡು ಬಂದು "ಕೂತ್ಕೋ, ನಿಂದು ಇನ್ನೂ ಶುದ್ಧಪ್ರತಿ ಬರೆದೇ ಇಲ್ಲ, ನಾನು ಹೇಳ್ತೀನಿ ನೀನು ಬರಿ" ಅಂದೆ. ನೀನು ಹೇಳಿದೆ, ನಾನು ಬರೆದೆ. ಜನನ, ಸೂರ್ಯೋದಯಕ್ಕೆ ಮುಂಚೆ. ನಕ್ಷತ್ರ, ಮೂಲಾ.

ನನ್ನ ಕೈ ನಿಂತದ್ದು ನೆನಪಿದೆಯಾ? "ಮೂಲಾನಾ ಅಕ್ಕ?" ಅಂದೆ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು ಅಂತ ಆ ಹೊತ್ತಿಗೆ ನಾನೇ ನೂರು ಜನರ ಬಾಯಲ್ಲಿ ಕೇಳಿದ್ದೆ. ಅಪ್ಪ ಅರ್ಚನೆಗೆ ತಮ್ಮ ನಕ್ಷತ್ರ ಹೇಳಿ ‘ಸಕುಟುಂಬ’ ಅಂತ ಮುಗಿಸುತ್ತಿದ್ದರು, ನನ್ನದು ಯಾವುದೆಂದು ನಾನು ಯಾವತ್ತೂ ಕೇಳಿರಲಿಲ್ಲ. ನೀನು ನನ್ನ ತಲೆ ಸವರಿ "ದೇವರು ಕೊಟ್ಟಿದ್ದು ಕಣೇ, ನಾವೇನು ಮಾಡಕ್ಕಾಗುತ್ತೆ" ಅಂದೆ. ನಾನು ಮೂಲಾ ಅಂತ ಬರೆದೆ. ಮುತ್ತಿನಂಥ ಅಕ್ಷರದಲ್ಲಿ. ಚೀಟಿ ನಿನ್ನ ಕೈಯಲ್ಲಿತ್ತು, ನನಗೆ ತೋರಿಸಲಿಲ್ಲ. ಒಡಹುಟ್ಟಿದವಳ ಕೈಯಲ್ಲಿದ್ದದ್ದನ್ನು ಇಸಿದುಕೊಂಡು ನೋಡುವ ಬುದ್ಧಿ ನನಗೆಲ್ಲಿಂದ ಬರಬೇಕಿತ್ತು?

ಮೂಲಾ ಅಂದ ಮೇಲೆ ಆ ಸಂಬಂಧ ಅಲ್ಲಿಗೇ ನಿಂತಿತು. ಮೂರು ವರ್ಷದ ಮೇಲೆ ಆ ಹೋಳೂರಿನ ಹಿರಿಯರು ಹೃದಯ ನಿಂತು ತೀರಿಕೊಂಡರು. ಸುದ್ದಿ ಬಂದಾಗ ನಾನು ರಾಗಿ ಬೀಸುವುದಕ್ಕೆ ಕೊಡಲು ಹೊರಟಿದ್ದೆ. ನೀನು ಅಕ್ಕಪಕ್ಕದವರ ಮುಂದೆಯೇ "ನೋಡಿದ್ಯಾ? ನೀನು ಸೊಸೆಯಾಗಿ ಹೋಗಿದ್ದಿದ್ರೆ ನಿನ್ನ ತಲೆ ಮೇಲೆ ಬರ್ತಿತ್ತು. ನನ್ನ ಪುಣ್ಯ, ತಪ್ಪಿಸ್ದೆ" ಅಂದೆ. ನಾನು ನಿನಗೆ ಕೈ ಮುಗಿದೆ. ಹೌದು ಪದ್ಮಕ್ಕ, ಚೀಲ ಕೆಳಗಿಟ್ಟು ಎರಡೂ ಕೈ ಜೋಡಿಸಿ ಮುಗಿದೆ. ಆಮೇಲೆ ಬಂದ ಒಂದೊಂದು ಸಂಬಂಧಕ್ಕೂ ನೀನು ಆ ಕಾಗದವನ್ನೇ ಕೊಟ್ಟೆ, ಅದು ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ನಾನು ಪ್ರತಿ ಶನಿವಾರ ಆಂಜನೇಯನ ಗುಡಿಯಲ್ಲಿ ಮೂಲಾ ನಕ್ಷತ್ರದ ಹೆಸರಲ್ಲಿ ಅರ್ಚನೆ ಮಾಡಿಸಿದೆ, ದೋಷ ಕಳೆಯಲೆಂದು ಉಪವಾಸ ಇದ್ದೆ. ಸುಮಳ ಮದುವೆಯಲ್ಲಿ ಅವಳ ಮಾವನ ಎದುರಿಗೆ ಆರತಿ ತಟ್ಟೆ ಹಿಡಿಯಲೂ ಹೆದರಿ ಅಡಿಗೆಮನೆಯಲ್ಲೇ ಇದ್ದೆ. ಈಗ ಕೇಳುತ್ತೇನೆ, ಅಷ್ಟು ವರ್ಷದ ಅರ್ಚನೆ ಯಾರಿಗೆ ಸಂದಿತು? ದೇವರು ಪ್ರತಿ ಶನಿವಾರ ‘ಯಾರಪ್ಪಾ ಇವಳು?’ ಅಂತ ನೋಡುತ್ತಿದ್ದನೇನೋ...

ಹಾಸಿಗೆ ಹಿಡಿದ ಮೇಲೆ ನೀನು ನನ್ನ ಕೈ ಹಿಡಿದು ಹೇಳಿದ್ದೊಂದೇ ಮಾತು. "ಆ ಬಿಳಿ ಕಟ್ಟು ಬಿಚ್ಚಬೇಡ ಕಣೇ. ಹಂಗೇ ನೀರಿಗೆ ಬಿಟ್ಬಿಡು." ಸತ್ತವರ ಬಗ್ಗೆ ಎಷ್ಟು ಭಕ್ತಿ ಅಂದುಕೊಂಡೆ. ನಿನ್ನ ಬೆನ್ನಿನ ಹುಣ್ಣು ತೊಳೆದು, ಬಟ್ಟೆ ಬದಲಿಸಿ, ಬಾಯಿಗೆ ಗಂಜಿ ಹಾಕಿ "ಆಯ್ತಕ್ಕ" ಅಂದೆ. ಬಿಡುತ್ತಿದ್ದೆ ಕೂಡ. ಗೆದ್ದಲು ಹಿಡಿಯದಿದ್ದರೆ, ಸುಮ ಹಟ ಮಾಡದಿದ್ದರೆ...

"ಬಿಳಿ ಕಟ್ಟು ಯಾಕೇ? ಅದು ನೀರಿಗೆ ಹೋಗೋದು" ಅಂದೆ ನಾನು ಸುಮಳಿಗೆ. "ಅದೂ ಬೇಕು ಚಿಕ್ಕಮ್ಮ. ಮೊಮ್ಮಕ್ಕಳು ಬಂದು ತಾತನ ಗೋತ್ರ ಯಾವುದು ಅಂತ ಕೇಳ್ತಾರೆ. ನೀನು ಬಿಚ್ಚೋದೂ ಬೇಡ, ನಾನೇ ಮಾಡ್ತೀನಿ, ನೀನು ಹೂ ಕಟ್ಟು." ನಾನು ಕನಕಾಂಬರ ಕಟ್ಟುತ್ತಾ ಕೂತೆ. ಅವಳು ಒಂದೊಂದೇ ಹಾಳೆ ಇಟ್ಟು ಹೆಸರು ಟೈಪು ಮಾಡುತ್ತಾ ಹೋದಳು, ಕಟ್ಟು ಮುಗಿದಾಗ ಎಲ್ಲರಿಗೂ ಒಂದೇ ಸಲಕ್ಕೆ ‘ತೀರಿಕೊಂಡಿದ್ದಾರೆ’ ಅಂತ ಹಾಕಿದಳು. ಆಮೇಲೆ ಪರದೆ ನೋಡಿ ಕಿಸಕ್ಕನೆ ನಕ್ಕಳು. "ಅಯ್ಯೋ ಚಿಕ್ಕಮ್ಮ, ನಿನ್ನನ್ನೂ ಸಾಯಿಸ್ಬಿಟ್ಟೆ! ಬಾ ಇಲ್ಲಿ, ನೋಡು." ಸತ್ತವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. "ಮತ್ತೆ ಕೆಂಪು ಕಟ್ಟಲ್ಲೂ ನಿಂದೊಂದು ಇದೆ. ಒಂದೇ ಹೆಸರು, ಒಂದೇ ತಾರೀಖು, ಎರಡು ಜಾತಕ ಅಂತ ತೋರಿಸ್ತಿದೆ. ಯಾವ್ದು ಇಟ್ಕೊಳ್ಲಿ, ಯಾವ್ದು ಅಳಿಸ್ಲಿ?"

ಹೂ ಕೈಯಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ತೆರೆದಳು. ಎಡಗಡೆ ನನ್ನ ಮುತ್ತಿನ ಅಕ್ಷರ, ಸೂರ್ಯೋದಯಕ್ಕೆ ಮುಂಚೆ, ಮೂಲಾ. ಬಲಗಡೆ ಅಪ್ಪನ ಓರೆ ಅಕ್ಷರ. ‘ಕಿರಿಯ ಮಗಳು ಜಾನಕಿ. ಸಂಜೆ ದೀಪ ಹಚ್ಚುವ ಹೊತ್ತು. ಪೂರ್ವಾಷಾಢ.’ ಸುಮ ಎರಡೂ ಹೊತ್ತನ್ನು ಕಂಪ್ಯೂಟರಿನ ಪಂಚಾಂಗಕ್ಕೆ ಹಾಕಿ ನೋಡಿದಳು. "ಆ ದಿನ ಮಧ್ಯಾಹ್ನಕ್ಕೆ ಮೂಲಾ ಮುಗಿಯುತ್ತೆ. ತಾತನ ಹೊತ್ತು ಸರಿ ಇದ್ರೆ ನಿಂದು ಮೂಲಾ ಅಲ್ವೇ ಅಲ್ಲ. ಅಮ್ಮಂಗೆ ಕೊನೇಲಿ ಮರೆವು ಬಂದಿತ್ತಲ್ಲ, ಪಾಪ, ಎಲ್ಲಿಂದೆಲ್ಲಿಗೋ ಸೇರಿಸಿದ್ದಾಳೆ." ಮರೆವಾ? ಆ ಚೀಟಿಯ ಮಡಿಕೆಯಲ್ಲಿ ಆ ಕಾಲದ ಧೂಳಿತ್ತು ಪದ್ಮಕ್ಕ. ಎಷ್ಟು ಜನರ ಕಾಗದ ಆ ಕಟ್ಟಿನಿಂದ ನೀರಿಗೆ ಹೋಯಿತು, ಇದೊಂದನ್ನು ನೀನು ಪ್ರತಿ ಸಲ ಹೊರಗೆ ತೆಗೆದು ಮತ್ತೆ ಒಳಗೆ ಇಟ್ಟಿದ್ದೀಯ.

ನೀನು ಯಾಕೆ ಮಾಡಿದೆ ಅಂತ ಕೇಳುವುದಿಲ್ಲ, ಗೊತ್ತು. ನಿನ್ನ ಅಕ್ಷರ ಕೋಳಿ ಕಾಲಿನ ಹಾಗಿತ್ತು. ನಾನು ಹೋಗಿದ್ದರೆ ಜಾತಕ ಬರೆಯುವವರಿರಲಿಲ್ಲ, ಸುಮಳಿಗೆ ಜಡೆ ಹಾಕುವವರಿರಲಿಲ್ಲ, ಬಿಕೋ ಅನ್ನುವ ಮನೆ ನಿನಗೆ ಭಯ. "ಹೋಗಬೇಡ ಜಾನಕಿ, ಇರು" ಅಂತ ಒಂದು ಮಾತು ಕೇಳಿದ್ದರೆ ನಾನು ಇರುತ್ತಿದ್ದೆ. ಇರುತ್ತಿದ್ದೆನಾ? ಗೊತ್ತಿಲ್ಲ. ಕೇಳಬೇಕಿತ್ತು ನೀನು. ಅಪ್ಪನ ಚೀಟಿ ಹರಿಯಲು ನಿನಗೆ ಪಾಪದ ಭಯ. ಬದುಕಿರುವವಳ ಜಾತಕ ಹರಿದರೆ ಬ್ರಹ್ಮಹತ್ಯೆ. ಬದುಕಿರುವವಳನ್ನೇ ಹರಿದರೆ ಏನೂ ಇಲ್ಲ ಅಂತ ಯಾವ ಶಾಸ್ತ್ರ ಹೇಳಿತು ನಿನಗೆ? ಕಾಗದವನ್ನು ಉಳಿಸಿ ಸತ್ತವರ ನಡುವೆ ಮಲಗಿಸಿದೆ. ಮೂರು ಹೊತ್ತು ನನ್ನ ಕೈಯ ಅನ್ನ ಉಂಡೆ.

ಕಳೆದ ಶನಿವಾರ ಗುಡಿಗೆ ಹೋಗಿದ್ದೆ. ಅರ್ಚಕರು ರೂಢಿಯಂತೆ ಮೂಲಾ ಅಂತ ಶುರು ಮಾಡಿದರು. "ಪೂರ್ವಾಷಾಢ ಅನ್ನಿ" ಅಂದೆ. "ಏನಮ್ಮಾ, ಈ ವಯಸ್ಸಲ್ಲಿ ನಕ್ಷತ್ರ ಬದಲಾಯಿಸಿದ್ರಾ?" ಅಂತ ನಕ್ಕರು. ಹಿಂದೆ ನಿಂತಿದ್ದವರೂ ನಕ್ಕರು. ನಾನೂ ನಕ್ಕೆ. ಮತ್ತೇನು ಮಾಡಲಿ?

ಸುಮಳಿಗೆ ನಾನು ಏನೂ ಹೇಳಿಲ್ಲ. ಅವಳಿಗೆ ನೀನು ಅನಾಥ ತಂಗಿಯನ್ನು ಸಾಕಿದ ದೇವತೆ, ಹಾಗೇ ಇರಲಿ. ನಿನ್ನ ಮೇಲಿನ ಕರುಣೆಯಿಂದಲ್ಲ, ಅವಳ ಮೇಲಿನದ್ದರಿಂದ. ಕಂಪ್ಯೂಟರಿನಲ್ಲಿ ನನ್ನ ಎರಡೂ ಜಾತಕ ಇಡಿಸಿದ್ದೇನೆ. ಸ್ಥಿತಿ ಅನ್ನುವ ಕಡೆ ‘ಇದ್ದಾರೆ’ ಅಂತ ನಾನೇ ಒಂದೊಂದೇ ಅಕ್ಷರ ಒತ್ತಿ ಹಾಕಿದೆ.

ನಿನ್ನೆ, ಅಪ್ಪನ ಚೀಟಿಯನ್ನು ತೆಗೆದಿಟ್ಟು, ಬಿಳಿ ಕಟ್ಟನ್ನು ಕೆರೆಗೆ ತೆಗೆದುಕೊಂಡು ಹೋದೆವು. ಹಳದಿ ಕಟ್ಟೊಂದು ಬಾಕಿ, ಬಿಳಿಯದ್ದೆಲ್ಲ ಯಂತ್ರಕ್ಕೆ ಸೇರಿದೆ, ಆ ಕಾಗದಕ್ಕೆ ಇನ್ನು ಕೆಲಸವಿಲ್ಲ. ಸುಮ ಮೊಣಕಾಲು ನೀರಿನಲ್ಲಿ ನಿಂತು ಒಂದೊಂದೇ ಹೆಸರು ಓದಿ ಬಿಟ್ಟಳು. ಮುಗಿದ ಮೇಲೆ ತಿರುಗಿ ನೋಡಿದಳು. "ಚಿಕ್ಕಮ್ಮ, ಅಮ್ಮಂದೆಲ್ಲಿ? ವರ್ಷದ ತಿಥಿ ಆಯ್ತಲ್ಲ, ಇವತ್ತೇ ಬಿಡಬೇಕಿತ್ತು."

"ಸಿಗಲಿಲ್ಲ ಕಣೇ" ಅಂದೆ.

"ಹಳದಿ ಕಟ್ಟಲ್ಲಿ ನೋಡಿದ್ಯಾ?"

"ಎಲ್ಲಾ ಕಡೆ ನೋಡಿದೆ. ಗೆದ್ದಲು ತಿಂದಿರಬೇಕು."

ನನ್ನ ಬಾಯಿಂದ ಬಂದ ಮೊದಲ ಸುಳ್ಳು ಅದು. ಅವಳು ನಂಬಿದಳು. ನಾನು ನಿನ್ನನ್ನು ನಂಬಿದ ಹಾಗೆ.

ನಿನ್ನ ಜಾತಕವನ್ನು ಗೆದ್ದಲು ತಿಂದಿಲ್ಲ ಪದ್ಮಕ್ಕ. ಮೂಲೆ ಕೂಡ ಮಾಸಿಲ್ಲ. ಮಿಕ್ಕ ಕಟ್ಟುಗಳನ್ನು ನನ್ನ ಟ್ರಂಕಿಗೆ ಹಾಕಿ ಬೀರು ಖಾಲಿ ಮಾಡಿ, ಬೇವಿನ ಎಣ್ಣೆ ಬಳಿದು, ಅದರೊಳಗೆ ಒಂದೇ ಒಂದು ಕಟ್ಟು ಇಟ್ಟಿದ್ದೇನೆ. ಕೆಂಪು ಬಟ್ಟೆಯದ್ದು. ನಿನ್ನ ಜಾತಕ ಅದರಲ್ಲಿದೆ. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಬಾಗಿಲು ತೆರೆದು ನೋಡಿ ಮುಚ್ಚುತ್ತೇನೆ. ನಾನು ಇರುವವರೆಗೆ ಅದು ನೀರು ಕಾಣುವುದಿಲ್ಲ. ಹೊಸ್ತಿಲ ಒಳಗೇ ಇರು. ಕೆಂಪು ಬಟ್ಟೆಯೊಳಗೆ ಕಾಯುವುದು ಹೇಗಿರುತ್ತದೆಂದು ನಿನಗೂ ತಿಳಿಯಲಿ.

ಜಾನಕಿ
ಪೂರ್ವಾಷಾಢ